ಟಂಕಿಸಿದ ಹೆಸರೂ ಜನರ ನಾಲಿಗೆಯೂ

ನಿಘಂಟಿನಲ್ಲಿಲ್ಲದ ಪದವನ್ನು ಹೊಸದಾಗಿ ಟಂಕಿಸಿ ಸರಕಿಗೆ ಹೆಸರಿಡುವುದು ಉದ್ಯಮಿಗಳ ಹಳೆಯ ಜಾಣ್ಮೆ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೋಂದಾಯಿಸಿದ 'ಕೊಡಕ್' ಎಂಬುದು ಯಾವ ಅರ್ಥವನ್ನೂ ಹೊತ್ತು ಬಂದ ಪದವಲ್ಲ. ಸರಕನ್ನು ವರ್ಣಿಸದ ಇಂತಹ ಹೆಸರೇ ಕಾನೂನಿನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಟ್ರೇಡ್ ಮಾರ್ಕ್.

ಆದರೆ ಜನರ ನಾಲಿಗೆಯ ಮೇಲೆ ನೆಲೆಸಿದ ಹೆಸರು ಒಡೆಯನ ಅಂಕೆಯಲ್ಲಿ ಉಳಿಯುವುದು ಕಷ್ಟ. 'ಎಸ್ಕಲೇಟರ್' ಒಂದು ಕಾಲಕ್ಕೆ ಓಟಿಸ್ ಕಂಪನಿಯ ಟ್ರೇಡ್ ಮಾರ್ಕ್ ಆಗಿತ್ತು. ಕಂಪನಿಯೇ ಅದನ್ನು ಚಲಿಸುವ ಮೆಟ್ಟಿಲಿನ ಸಾಮಾನ್ಯ ನಾಮದಂತೆ ಬಳಸಿತು. 1950ರಲ್ಲಿ ಅಮೆರಿಕದಲ್ಲಿ ಅದರ ನೋಂದಣಿ ರದ್ದಾಯಿತು. ಲಕ್ಷಾಂತರ ಖರ್ಚಿನಿಂದ ಗಳಿಸಿದ ಕೀರ್ತಿಮೌಲ್ಯವು ಹೀಗೆ ಪ್ರತಿಸ್ಪರ್ಧಿಗಳ ಪಾಲಾಗುವುದು ಯಾವ ಅಢಾವೆ ಪತ್ರಿಕೆಯಲ್ಲಿಯೂ ಮುಂಚಿತವಾಗಿ ಕಾಣಿಸದು.

ನಮ್ಮಲ್ಲಿ 'ಜೆರಾಕ್ಸ್' ಸಹ ಇದೇ ಹಾದಿಯಲ್ಲಿದೆ. ಯಂತ್ರ ಯಾವ ಕಂಪನಿಯದಾದರೂ ಅಂಗಡಿಯ ಫಲಕದ ಮೇಲೆ 'ಜೆರಾಕ್ಸ್' ಎಂದೇ ಇರುತ್ತದೆ. ಗುಮಾಸ್ತರು ಖರ್ಚಿನ ಪುಸ್ತಕದಲ್ಲಿಯೂ 'ಜೆರಾಕ್ಸ್ ಖರ್ಚು' ಎಂದೇ ಬರೆಯುತ್ತಾರೆ. ಆದರೂ ಆ ಹೆಸರು ಸಾರ್ವತ್ರಿಕವಾಗಿದೆ ಎಂಬ ವಾದವನ್ನು ಅಂದಿನ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯು 2012ರಲ್ಲಿ ಒಪ್ಪಲಿಲ್ಲ. ಹೆಸರನ್ನು ಕ್ರಿಯಾಪದವಾಗಿ ಬಳಸಬೇಡಿರೆಂದು ಆ ಕಂಪನಿಯು ಜಾಹೀರಾತುಗಳಲ್ಲಿ ಕೇಳಿಕೊಳ್ಳುತ್ತಲೇ ಬಂದಿದೆ. ಗಿರಾಕಿಗಳು ಕೇಳುವವರಲ್ಲ, ನಿಜ. ಆದರೆ ಒಡೆಯನು ಸುಮ್ಮನೆ ಕುಳಿತಿಲ್ಲ ಎಂಬುದಕ್ಕೆ ಅದು ದಾಖಲೆ.

1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ 9ನೆಯ ಕಲಮಿನಂತೆ, ವ್ಯಾಪಾರದಲ್ಲಿ ರೂಢಿಯ ಮಾತೇ ಆಗಿಹೋದ ಹೆಸರಿಗೆ ನೋಂದಣಿ ದೊರೆಯದು. ಆದುದರಿಂದ ಸಣ್ಣ ತಯಾರಕರು ಬಿಲ್ಲು, ಡಬ್ಬಿ, ದರಪಟ್ಟಿಗಳಲ್ಲಿ ತಾವು ಟಂಕಿಸಿದ ಹೆಸರನ್ನಷ್ಟೇ ಅಚ್ಚು ಹಾಕಿಸದೆ, ಅದರ ಪಕ್ಕದಲ್ಲಿ 'ಉಪ್ಪಿನಕಾಯಿ', 'ಊದುಬತ್ತಿ' ಎಂದು ಸರಕಿನ ಸಾಮಾನ್ಯ ನಾಮವನ್ನೂ ಸೇರಿಸುವುದು ಲೇಸು.