ಒಂದು ಪಿನ್ನು, ಮೂರು ಕೆಲಸ: 1911 ಪಿಸ್ತೂಲಿನ ಸಣ್ಣ ಭಾಗಗಳು

ಕ್ಲಾಸಲ್ಲಿ ಬೋರ್ ಆದಾಗ ಪೆನ್ ಬಿಚ್ಚಿ, ಒಳಗಿನ ಸ್ಪ್ರಿಂಗ್ ಮುಂದಿನ ಬೆಂಚಿಗೆ ಹಾರಿ, ಅದನ್ನು ಹುಡುಕೋಕೆ ಬಗ್ಗದೇ ಇರೋರು ನಮ್ಮಲ್ಲಿ ಯಾರೂ ಇಲ್ಲ. ಮನೆಯ ಮಿಕ್ಸಿ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಒಂದು ಸ್ಕ್ರೂ ಕೈಯಲ್ಲೇ ಉಳಿದಿದ್ದೂ ಉಂಟು. ಪೆನ್ನಾದರೆ ಹತ್ತು ರೂಪಾಯಿ ಹೋಯಿತು, ಮಿಕ್ಸಿಯಾದರೆ ಬೈಗುಳ. ಆದರೆ ಕೈಲಿರೋದು ಪಿಸ್ತೂಲಾದರೆ? ಮಷೀನ್ ಡಿಸೈನ್ ಓದುವ ನಮಗೆ ಈ ಪ್ರಶ್ನೆಗೆ ಒಳ್ಳೆ ಉದಾಹರಣೆ ಸಿಕ್ಕಿದ್ದು ಅಮೆರಿಕದ ಎಂ1911ರಲ್ಲಿ. ಅದನ್ನು ನಾವು ಕೈಯಲ್ಲಿ ಹಿಡಿದಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. ನಾವು ನೋಡಿದ್ದು ಕೈಪಿಡಿಗಳನ್ನು, ಸೀಳಿದ ಚಿತ್ರಗಳನ್ನು. ಒಂದು ಯಂತ್ರವಾಗಿ ಅರ್ಥ ಮಾಡಿಕೊಳ್ಳಲು ಅಷ್ಟು ಸಾಕು.

ಇದನ್ನು ವಿನ್ಯಾಸ ಮಾಡಿದವನು ಜಾನ್ ಬ್ರೌನಿಂಗ್. 1911ರ ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರು. ಅದು ಕೆಡಲಿಲ್ಲ. ಅದೇ ತಿಂಗಳ 29ರಂದು ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು, 1985ರವರೆಗೆ ಬಳಸಿತು. ಎರಡನೇ ಮಹಾಯುದ್ಧದಲ್ಲಿ ಇದನ್ನು ಅತಿ ಹೆಚ್ಚು ತಯಾರಿಸಿದ್ದು ಟೈಪ್‌ರೈಟರ್ ಜತೆ ಹೆಸರು ತಳುಕು ಹಾಕಿಕೊಂಡಿದ್ದ ರೆಮಿಂಗ್ಟನ್ ರಾಂಡ್, 8 ಲಕ್ಷಕ್ಕೂ ಹೆಚ್ಚು. ಹೊಲಿಗೆ ಯಂತ್ರದ ಸಿಂಗರ್ ಕೂಡ 500 ಮಾಡಿತ್ತು. ಬೇರೆ ಬೇರೆ ಕಾರ್ಖಾನೆಯ ಭಾಗಗಳು ಒಂದಕ್ಕೊಂದು ಕೂರಬೇಕಿತ್ತು. ಟಾಲರೆನ್ಸ್ ಅಂತ ನಾವು ಪರೀಕ್ಷೆಗೆ ಉರು ಹೊಡೆಯೋದು ಇದನ್ನೇ.

ಈ ಪಿಸ್ತೂಲನ್ನು ಹೆಚ್ಚಾಗಿ ಹಿಡಿದಿಟ್ಟಿರೋದು ಪಿನ್ನು, ಸ್ಪ್ರಿಂಗು, ಗಾಡಿಗಳೇ. ಹಿಡಿಯ ಪಟ್ಟಿಗಳಿಗೆ ನಾಲ್ಕು ಸ್ಕ್ರೂ ಇವೆ. ಮಿಕ್ಕ ಭಾಗಗಳು ಒಂದನ್ನೊಂದು ಬಂಧಿಸಿಕೊಂಡಿವೆ. ಇದರ ಸೊಬಗೂ ಅಲ್ಲೇ, ಕಷ್ಟವೂ ಅಲ್ಲೇ.

ಬಿಚ್ಚುವ ಮೊದಲ ಹೆಜ್ಜೆಗೆ ಯಾವ ಟೂಲ್ ಕೂಡ ಬೇಡ. ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ಈ ಕ್ರಮ ಹಿಂದುಮುಂದಾಗಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದುಬಿಟ್ಟರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಒಳಗೆ ಕೂರುತ್ತೆ. ಹೊರಬಿದ್ದಿದ್ದನ್ನು ನೋಡಿದವನು ಖಾಲಿ ಅಂದುಕೊಳ್ಳುತ್ತಾನೆ. ಸ್ವಚ್ಛ ಮಾಡುವಾಗ ಆಗುವ ಅವಘಡಗಳ ಬೇರು ಇಂಥ ತಪ್ಪುಗಳಲ್ಲಿದೆ.

ಆಮೇಲೆ ಮೂತಿಯ ಕಡೆ ಇರುವ ಸ್ಪ್ರಿಂಗ್ ಪ್ಲಗ್ ಒತ್ತಿ ಬುಶಿಂಗನ್ನು ತಿರುಗಿಸುತ್ತಾರೆ. ಪ್ಲಗ್ಗಿನ ಹಿಂದೆ ಒತ್ತಿಕೊಂಡಿರೋ ಸ್ಪ್ರಿಂಗಿನ ಬಲ ಸಾಮಾನ್ಯವಾಗಿ 16 ಪೌಂಡ್, ಅಂದರೆ ಸುಮಾರು 7 ಕಿಲೋ ತೂಕದಷ್ಟು. ಹೆಬ್ಬೆರಳು ಜಾರಿದರೆ ಪ್ಲಗ್ ನೇರ ಮುಖಕ್ಕೆ. ಅದಕ್ಕೇ ಕಣ್ಣಿಗೆ ಕನ್ನಡಕ ಬೇಕು, ಬೆರಳನ್ನು ನಿಧಾನ ಸಡಿಲಿಸಬೇಕು.

ಮುಂದಿನದೇ ನಮಗೆ ಇಷ್ಟವಾದ ಭಾಗ, ಸ್ಲೈಡ್ ಸ್ಟಾಪ್. ಸ್ಲೈಡ್ ಅಂಚಿನಲ್ಲಿರುವ ಸಣ್ಣ ಕಚ್ಚು ಇದರ ನೇರಕ್ಕೆ ಬಂದಾಗ ಬಲಗಡೆಯಿಂದ ಪಿನ್ನನ್ನು ಒತ್ತಿದರೆ ಅದು ಎಡಕ್ಕೆ ಹೊರಬರುತ್ತೆ. ಈ ಒಂದೇ ಪಿನ್ನಿಗೆ ಮೂರು ಕೆಲಸ: ಸ್ಲೈಡನ್ನು ಫ್ರೇಮ್ ಮೇಲೆ ಹಿಡಿದಿಡೋದು, ಗುಂಡು ಮುಗಿದಾಗ ಸ್ಲೈಡನ್ನು ಹಿಂದೆ ನಿಲ್ಲಿಸೋದು, ಬ್ಯಾರಲ್ ಕೆಳಗಿನ ಲಿಂಕಿಗೆ ಅಚ್ಚಾಗೋದು. ಗುಂಡು ಹಾರಿದಾಗ ಬ್ಯಾರಲ್ಲೂ ಸ್ಲೈಡೂ ಬೆಸೆದುಕೊಂಡು ಸ್ವಲ್ಪ ದೂರ ಹಿಂದೆ ಹೋಗುತ್ತವೆ. ಆಗ ಲಿಂಕ್ ಬ್ಯಾರಲ್ಲಿನ ಹಿಂಭಾಗವನ್ನು ಕೆಳಕ್ಕೆಳೆದು ಬೆಸುಗೆ ಬಿಡಿಸುತ್ತೆ. ಜೋಡಿಸುವಾಗ ಪಿನ್ನು ಲಿಂಕಿನ ತೂತಿಗೆ ಹೋಗದೆ ಪಕ್ಕದಲ್ಲೇ ದಾಟಿದರೂ ಹೊರಗಿಂದ ಎಲ್ಲ ಸರಿಯಾಗೇ ಕಾಣಬಹುದು! ಲಿಂಕ್ ಮಾತ್ರ ಕೆಲಸ ಮಾಡಲ್ಲ. ಹಾಗಾಗಿ ಸ್ಲೈಡ್ ಮುಚ್ಚುವ ಮುಂಚೆ ಲಿಂಕ್ ಎಲ್ಲಿದೆ ಅಂತ ತೂತಿನೊಳಗೆ ಇಣುಕಿ ನೋಡಬೇಕು.

ಇದೇ ಪಿನ್ನನ್ನು ವಾಪಸ್ ಹಾಕುವಾಗ ಪಕ್ಕದ ಸಣ್ಣ ಪ್ಲಂಜರ್ ಅಡ್ಡ ಬರುತ್ತೆ. ಬಲವಂತ ಮಾಡಿದರೆ ಫ್ರೇಮಿನ ಮೇಲೆ ಕಮಾನಿನಂಥ ಗೀರು ಬೀಳುತ್ತೆ. ಅದಕ್ಕೆ ಅಲ್ಲಿನವರು ಇಟ್ಟ ಹೆಸರು 'ಈಡಿಯಟ್ ಸ್ಕ್ರ್ಯಾಚ್'. ಪ್ಲಂಜರನ್ನು ಒಳಗೆ ಒತ್ತಿ ಹಿಡಿದರೆ ಗೀರಿನ ಮಾತೇ ಇಲ್ಲ. ಈ ಪ್ಲಂಜರ್ ಕೊಳವೆಯಲ್ಲೂ ಒಂದು ಜಾಣತನ ಇದೆ. ಒಂದೇ ಸ್ಪ್ರಿಂಗ್ ಎರಡು ತುದಿಯ ಎರಡು ಪ್ಲಂಜರ್‌ಗಳನ್ನು ನೂಕುತ್ತೆ, ಮುಂದಿನದು ಸ್ಲೈಡ್ ಸ್ಟಾಪಿಗೆ, ಹಿಂದಿನದು ಸೇಫ್ಟಿಗೆ. ಸ್ಪ್ರಿಂಗಿನ ನಡುವೆ ಬೇಕಂತಲೇ ಒಂದು ಸೊಟ್ಟ ಇರುತ್ತೆ, ಬಿಚ್ಚಿದಾಗ ಅದು ಕೊಳವೆಯಿಂದ ಹಾರಿಹೋಗದಿರಲಿ ಅಂತ. ಸೊಟ್ಟಗಿದೆ ಅಂತ ಯಾರಾದರೂ ನೆಟ್ಟಗೆ ಮಾಡಿದರೆ ಕೆಟ್ಟಿತು!

ಸ್ಲೈಡಿನ ಹಿಂಭಾಗದಲ್ಲಿ ಫೈರಿಂಗ್ ಪಿನ್ ಇದೆ. ಅದರ ಹಿಂತುದಿಯನ್ನು ಒಳಗೊತ್ತಿ, ಅದನ್ನು ತಡೆದಿರುವ ಚಪ್ಪಟೆ ತುಂಡನ್ನು ಕೆಳಕ್ಕೆ ಜಾರಿಸಿದರೆ ಪಿನ್ನು ಸ್ಪ್ರಿಂಗಿನ ಜೋರಿಗೆ ಹೊರಬರುತ್ತೆ. ಅಲ್ಲೂ ಹೆಬ್ಬೆರಳು ಅಡ್ಡ ಇರಬೇಕು. ಆ ಚಪ್ಪಟೆ ತುಂಡು ಎಕ್ಸ್‌ಟ್ರಾಕ್ಟರನ್ನೂ ಹಿಡಿದಿರುತ್ತೆ. ಮತ್ತೆ ಹಾಕುವಾಗ ಎಕ್ಸ್‌ಟ್ರಾಕ್ಟರಿನ ಗಾಡಿ ಸರಿಯಾದ ಕೋನಕ್ಕೆ ತಿರುಗಿರದಿದ್ದರೆ ಅದು ಒಳಗೆ ಹೋಗೋದೇ ಇಲ್ಲ. ಹೋಗ್ತಿಲ್ಲ ಅಂದರೆ ಸುತ್ತಿಗೆ ಹುಡುಕೋದಲ್ಲ, ಕೋನ ನೋಡೋದು.

ಎಲ್ಲ ಮುಗಿದ ಮೇಲೆ ಖಾಲಿ ಇದೆ ಅಂತ ಮತ್ತೊಮ್ಮೆ ಖಚಿತ ಮಾಡಿಕೊಂಡು, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಪರೀಕ್ಷೆ. ಸ್ಲೈಡ್ ಎಳೆದು ಬಿಟ್ಟು, ಸೇಫ್ಟಿ ಹಾಕಿ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಸೇಫ್ಟಿ ತೆಗೆದು, ಹಿಡಿಯ ಹಿಂದಿನ ಗ್ರಿಪ್ ಸೇಫ್ಟಿಯನ್ನು ಒತ್ತದೆ ಎಳೆದರೂ ಬೀಳಬಾರದು. ಒತ್ತಿ ಎಳೆದರೆ ಮಾತ್ರ ಬೀಳಬೇಕು. ಹಿಡಿಯೊಳಗಿನ ಎಲೆ ಸ್ಪ್ರಿಂಗಿನ ಒಂದು ಎಲೆ ಸರಿಯಾಗಿ ಕೂರದಿದ್ದರೂ ಇಲ್ಲಿ ಸಿಕ್ಕಿಬೀಳುತ್ತೆ. ಮೂರರಲ್ಲಿ ಒಂದು ತಪ್ಪಿದರೂ ಅದು ಗುಂಡು ತುಂಬುವ ಆಯುಧ ಅಲ್ಲ, ಗನ್‌ಸ್ಮಿತ್ ಬಳಿ ಹೋಗಬೇಕಾದ ಯಂತ್ರ.

ನಮ್ಮ ಲ್ಯಾಬಿನಲ್ಲೂ ಜೋಡಿಸಿದ್ದು ಆಯ್ತು ಅಂದಮೇಲೆ ಮಾರ್ಕ್ಸ್ ಹಾಕಿಬಿಡ್ತಾರೆ. ಆದರೆ ಜೋಡಿಸೋದು ಅರ್ಧ ಕೆಲಸ. ಜೋಡಿಸಿದ್ದು ಮಾಡಬಾರದ್ದನ್ನು ಮಾಡ್ತಿಲ್ಲ ಅಂತ ನೋಡೋದು ಇನ್ನರ್ಧ. ಮಿಕ್ಸಿಯಲ್ಲಿ ಉಳಿದ ಸ್ಕ್ರೂ ನಮಗೆ ಹೇಳ್ತಿದ್ದಿದ್ದೂ ಇದನ್ನೇ, ನಾವು ಕೇಳಿಸಿಕೊಳ್ಳಲಿಲ್ಲ ಅಷ್ಟೆ.