ಸೋಫಾ ನಡುಗಲಿ, ನೆರೆಮನೆ ನಿದ್ರಿಸಲಿ

ರಾತ್ರಿ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಸಿನಿಮಾ ಓಡುತ್ತಿದ್ದರೆ ಪಕ್ಕದ ಮನೆಗೆ ಸಂಭಾಷಣೆ ಒಂದಕ್ಷರವೂ ಕೇಳಿಸುವುದಿಲ್ಲ, ಹಾಡು ಯಾವುದೆಂದೂ ತಿಳಿಯುವುದಿಲ್ಲ. ಬಂದು ಬಡಿಯುವುದು 'ಧುಂ ಧುಂ' ಮಾತ್ರ. ಉಳಿದೆಲ್ಲವನ್ನೂ ತಡೆದ ಗೋಡೆ ಬೇಸ್‌ಗೆ ಮಾತ್ರ ದಾರಿ ಬಿಡುವುದೇಕೆ?

ಗೋಡೆ ಶಬ್ದವನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ಶಬ್ದದ ಅಲೆ ಸೆಕೆಂಡಿಗೆ 800 ಸಲ ತಳ್ಳಿದರೆ ಭಾರದ ಗೋಡೆಗೆ ಅಲುಗಲು ಪುರಸತ್ತೇ ಸಿಗುವುದಿಲ್ಲ. 50 ಸಲ ತಳ್ಳಿದರೆ ಸಿಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಕಂಪನಾಂಕ ಅರ್ಧಕ್ಕಿಳಿದಾಗಲೆಲ್ಲ ಗೋಡೆಯ ತಡೆ 6 ಡೆಸಿಬಲ್ ಕುಸಿಯುತ್ತದೆ. 800ರಿಂದ 50 ಹರ್ಟ್ಸ್‌ಗೆ ಬರುವಷ್ಟರಲ್ಲಿ 24 ಡೆಸಿಬಲ್ ಹೋಯಿತು. ಗೋಡೆಯ ದಪ್ಪವನ್ನು ಇಮ್ಮಡಿ ಮಾಡಿದರೂ ಮರಳಿ ಸಿಗುವುದು ಬರೀ 6.

ಗೋಡೆಗೆ ಫೋಮ್ ಅಂಟಿಸಿದರೆ? 50 ಹರ್ಟ್ಸ್ ಶಬ್ದದ ಅಲೆ ಸುಮಾರು 7 ಮೀಟರ್ ಉದ್ದ. ಅದನ್ನು ಚೆನ್ನಾಗಿ ಹೀರಬೇಕಾದರೆ ಅಲೆಯ ಕಾಲುಭಾಗದಷ್ಟು, ಅಂದರೆ ಆಳೆತ್ತರದಷ್ಟು ದಪ್ಪದ ಫೋಮ್ ಬೇಕು. ಎರಡಿಂಚಿನ ಹಾಳೆ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಬೇಸನ್ನಲ್ಲ.

ಆದರೆ ಬೇಸ್ ಕಿವಿಯೊಂದರ ವ್ಯವಹಾರವಲ್ಲ, ಅರ್ಧ ಮೈಯದು. ಚರ್ಮದ ಮೇಲ್ಪದರದಲ್ಲಿರುವ ಮೈಸ್ನರ್ ಗ್ರಾಹಕಗಳು ಸೆಕೆಂಡಿಗೆ ಹತ್ತಾರು ಸಲದ ಕಂಪನಗಳನ್ನು ಹಿಡಿಯುತ್ತವೆ. ಇನ್ನೂ ಆಳದಲ್ಲಿರುವ ಪಾಚೀನಿ ಗ್ರಾಹಕಗಳು 250 ಹರ್ಟ್ಸ್ ಆಸುಪಾಸಿನಲ್ಲಿ ಅತಿ ಚುರುಕು. ಬಾಲ್ಯದಲ್ಲೇ ಬಹುಮಟ್ಟಿಗೆ ಶ್ರವಣಶಕ್ತಿ ಕಳೆದುಕೊಂಡ ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನಿ ಬರಿಗಾಲಲ್ಲಿ ವೇದಿಕೆಗೆ ಬರುವುದು ನಾದವನ್ನು ಮೈಯಿಂದ ಗ್ರಹಿಸಲೆಂದೇ.

ಮೈಗೆ ಕಂಪನ ಮುಟ್ಟಿಸಲು ಕೋಣೆಯ ಗಾಳಿಯನ್ನೆಲ್ಲ ಅಲುಗಿಸುವುದು ದುಬಾರಿ ದಾರಿ. 1974ರ 'ಅರ್ಥ್‌ಕ್ವೇಕ್' ಚಿತ್ರಕ್ಕಾಗಿ ಹಾಲಿವುಡ್ ಹಿಡಿದದ್ದು ಅದನ್ನೇ. 'ಸೆನ್ಸರೌಂಡ್' ಹೆಸರಿನ ಆ ವ್ಯವಸ್ಥೆಯಲ್ಲಿ ಭಾರೀ ಸ್ಪೀಕರುಗಳು ಭೂಕಂಪದ ಗುಡುಗನ್ನು ಪ್ರೇಕ್ಷಕರ ಮೈಗೆ ಮುಟ್ಟಿಸುತ್ತಿದ್ದವು. ಪಕ್ಕದ ಪರದೆಯಲ್ಲಿ ಬೇರೆ ಸಿನಿಮಾ ನೋಡುತ್ತಿದ್ದವರಿಗೂ ಭೂಕಂಪದ ಪಾಲು ಸಿಗುತ್ತಿತ್ತು.

ಅಗ್ಗದ ದಾರಿ ಎಂದರೆ ಗಾಳಿಯನ್ನು ಬಿಟ್ಟು ಆಸನವನ್ನೇ ನಡುಗಿಸುವುದು. ಅದಕ್ಕಿರುವ ಸಾಧನ ಬೇಸ್ ಶೇಕರ್. ಸ್ಪೀಕರಿನಲ್ಲಿರುವಂತೆ ಇದರಲ್ಲೂ ಸುರುಳಿ, ಆಯಸ್ಕಾಂತ ಇವೆ. ಗಾಳಿ ತಳ್ಳುವ ಕೋನ್ ಮಾತ್ರ ಇಲ್ಲ. ಬದಲಿಗೆ ಒಂದು ಭಾರ ಮೇಲೆ ಕೆಳಗೆ ಓಲಾಡುತ್ತದೆ. ಭಾರ ಒಂದು ಕಡೆ ಹಾರಿದಾಗ ಡಬ್ಬಿ ಇನ್ನೊಂದು ಕಡೆ ಒದೆಯುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ, ನ್ಯೂಟನ್ನನ ಮೂರನೇ ನಿಯಮ. ಸೋಫಾದ ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದರೆ ಒದೆತ ನೇರ ಬೆನ್ನಿಗೆ. ಸಣ್ಣ ಆಂಪ್ಲಿಫಯರೊಂದರಿಂದ 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನಷ್ಟೇ ಇದಕ್ಕೆ ಕಳಿಸಬೇಕು. ಇಲ್ಲವಾದರೆ ನಾಯಕ ಬಾಯಿ ತೆರೆದಾಗಲೆಲ್ಲ ಕುರ್ಚಿಯೂ ಗೊಣಗುತ್ತದೆ. ಉಳಿದ ಶಬ್ದಕ್ಕೆ ಹೆಡ್‌ಫೋನ್ ಅಥವಾ ತಗ್ಗಿಸಿದ ಸ್ಪೀಕರ್ ಸಾಕು. ಕಿವಿಗೆ ಬಿದ್ದದ್ದನ್ನೂ ಬೆನ್ನಿಗೆ ತಟ್ಟಿದ್ದನ್ನೂ ಮಿದುಳು ಕೂಡಿಸಿ ಒಂದೇ ಸದ್ದೆಂದು ಒಪ್ಪಿಕೊಳ್ಳುತ್ತದೆ. ಎದೆಗೆ ಗಾಳಿ ಗುದ್ದುವ ಅನುಭವವನ್ನು ಮಾತ್ರ ಇದು ಕೊಡಲಾರದು.

ಎಡವುವ ಜಾಗ ನೆಲ. ಕೈಯಲ್ಲಿದ್ದಾಗ ಮೆಲ್ಲಗೆ ನಡುಗುವ ಮೊಬೈಲನ್ನು ಮೇಜಿನ ಮೇಲಿಟ್ಟರೆ ಇಡೀ ಹಲಗೆಯೇ ಗುರ್‌ಗುಟ್ಟುತ್ತದೆ. ಸೋಫಾದ ಕಾಲು ಸ್ಲ್ಯಾಬಿಗೆ ತಾಗಿದ್ದರೆ ಕೆಳಮನೆಯ ಚಾವಣಿಯೇ ಆ ಹಲಗೆ. ಹಾಗಾಗಿ ಕಾಲಿನಡಿ ಮೆತ್ತನೆಯ ರಬ್ಬರೋ ಸ್ಪ್ರಿಂಗೋ ಬೇಕು. ಎಷ್ಟು ಮೆತ್ತಗೆ? ಸೋಫಾ ಮತ್ತು ಕೂತವರ ಭಾರಕ್ಕೆ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗಿನ ಸಹಜ ಕಂಪನ ಸೆಕೆಂಡಿಗೆ ಸುಮಾರು 5. ಲೆಕ್ಕದ ಪ್ರಕಾರ 20 ಹರ್ಟ್ಸ್ ಕಂಪನದಲ್ಲಿ ಅದು ನೆಲಕ್ಕೆ ದಾಟಿಸುವುದು ಹದಿನೈದರಲ್ಲಿ ಒಂದು ಪಾಲು. ಒಂದೇ ಮಿಲಿಮೀಟರ್ ಕುಗ್ಗಿದರೆ ಸಹಜ ಕಂಪನ 16ರ ಹತ್ತಿರ, 20ಕ್ಕೆ ತೀರಾ ಸಮೀಪ. ಆಗ ಕಂಪನ ತಗ್ಗುವ ಬದಲು ಹೆಚ್ಚಿ ನೆಲಕ್ಕಿಳಿಯುತ್ತದೆ. ಗಟ್ಟಿ ರಬ್ಬರಿನ ಬಿಲ್ಲೆ ಇಟ್ಟು ನಿಶ್ಚಿಂತರಾಗುವಂತಿಲ್ಲ.

ಗೆದ್ದಿದ್ದೇವೆಯೇ ಎಂದು ಮೊಬೈಲ್ ಆ್ಯಪ್‌ನಲ್ಲಿ ಅಳೆದು ನೋಡುವವರಿಗೆ ಒಂದು ಎಚ್ಚರಿಕೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬಲ್. ಇದು 'ಎ' ತೂಕದ ಅಳತೆ. ಅದರಲ್ಲಿ 50 ಹರ್ಟ್ಸ್ ಶಬ್ದದಿಂದ 30 ಡೆಸಿಬಲ್ ಕಳೆಯಲಾಗುತ್ತದೆ. ಅಲ್ಲಿಗೆ 70 ಡೆಸಿಬಲ್ಲಿನ ಬೇಸ್ ಮೀಟರಿನಲ್ಲಿ 40 ಎಂದು ತೋರಿ ಕಾನೂನಿಗೆ ಪಾಸಾಗುತ್ತದೆ. ಆದರೆ 50 ಹರ್ಟ್ಸ್ ಕಿವಿಗೆ ಕೇಳಿಸತೊಡಗುವುದೇ ಸುಮಾರು 44 ಡೆಸಿಬಲ್ಲಿನಲ್ಲಿ. 70 ಅಂದರೆ ನಿದ್ದೆ ಕೆಡಿಸಲು ಧಾರಾಳ. ಮೀಟರನ್ನು ನಂಬುವ ಬದಲು ಅತಿ ಗದ್ದಲದ ದೃಶ್ಯವೊಂದನ್ನು ಹಾಕಿಟ್ಟು, ಕೆಳಮನೆಯವರ ಅನುಮತಿ ಪಡೆದು, ಅವರ ಮಲಗುವ ಕೋಣೆಯಲ್ಲಿ ಐದು ನಿಮಿಷ ನಿಂತು ಬನ್ನಿ. ಅಲ್ಲಿ ಏನೂ ಕೇಳಿಸದಿದ್ದರೆ ಶೇಕರಿನ ವಾಲ್ಯೂಮ್ ಎಷ್ಟೆಂಬುದು ನಿಮಗೂ ನಿಮ್ಮ ಸೋಫಾಕ್ಕೂ ಬಿಟ್ಟ ವಿಚಾರ.