ಕಡಿಮೆ ಬೆಲೆಯ ವಿದ್ಯುತ್ ಗಿಟಾರಿನ ನಾದ ಸುಧಾರಣೆ

ವಿದ್ಯುತ್ ಗಿಟಾರಿನ ನಾದ ಸುಧಾರಣೆ ಎಂಬುದು ವಾದ್ಯದ ತಂತಿ, ದಂಡಿ, ಕುದುರೆ, ಪಿಕಪ್, ಕೇಬಲ್ ಮತ್ತು ಆಂಪ್ಲಿಫೈಯರುಗಳನ್ನು ಪರಸ್ಪರ ಹೊಂದಿಸಿ ಶ್ರುತಿಶುದ್ಧತೆಯನ್ನೂ ಧ್ವನಿಗುಣವನ್ನೂ ಉತ್ತಮಪಡಿಸುವ ಕ್ರಮ. ಅಗ್ಗದ ಗಿಟಾರುಗಳಲ್ಲಿ ಕೇಳಿಬರುವ ದೋಷಗಳಲ್ಲಿ ಹಲವು ಬಿಡಿಭಾಗಗಳ ಕಳಪೆತನದಿಂದ ಬಂದವಲ್ಲ, ಹೊಂದಾಣಿಕೆಯ ಕೊರತೆಯಿಂದ ಬಂದವು. ಆದುದರಿಂದ ಹೊಸ ವಾದ್ಯಕ್ಕೆ ಹಣ ತೆರುವ ಮೊದಲು ಕೈಯಲ್ಲಿರುವುದನ್ನೇ ಪರೀಕ್ಷಿಸುವುದು ಲಾಭಕರ.

ಹಿನ್ನೆಲೆ

1931ರಲ್ಲಿ ಅಮೆರಿಕದ ಜಾರ್ಜ್ ಬೋಶಾಂಪ್ ರೂಪಿಸಿದ, 'ಫ್ರೈಯಿಂಗ್ ಪ್ಯಾನ್' ಎಂಬ ಅಡ್ಡಹೆಸರಿನ ವಾದ್ಯದಿಂದ ಇಂದಿನವರೆಗೂ ವಿದ್ಯುತ್ ಗಿಟಾರಿನ ಮೂಲತತ್ತ್ವ ಬದಲಾಗಿಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಕ್ಷೀಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ. ತಂತಿಯಲ್ಲೇ ಇಲ್ಲದ ನಾದವನ್ನು ಮುಂದಿನ ಯಾವ ಉಪಕರಣವೂ ತಂದುಕೊಡಲಾರದು.

ಧಾರವಾಡ ಸೀಮೆಯ ಸಂಗೀತಾಸಕ್ತರಿಗೆ ಈ ವಿಚಾರ ಹೊಸದಲ್ಲ. ಮೀರಜಿನಿಂದ ತಂದ ತಂಬೂರಿಯಾದರೂ ಕುದುರೆಯನ್ನು ತೀಡಿ ಜವಾರಿ ತೆಗೆಯದೆ, ತಂತಿಯಡಿಯ ನೂಲನ್ನು ಸರಿಯಾದ ಜಾಗಕ್ಕೆ ಸರಿಸದೆ ಚೆನ್ನಾಗಿ ನುಡಿಯದು. ತಂಬೂರಿಯಲ್ಲಿ ಬಯಸಿ ಪಡೆಯುವ ಝೇಂಕಾರವೇ ಗಿಟಾರಿನಲ್ಲಿ ದೋಷವೆನಿಸುತ್ತದೆ ಎಂಬುದು ಮಾತ್ರ ವ್ಯತ್ಯಾಸ.

ತಂತಿ, ದಂಡಿ ಮತ್ತು ಕುದುರೆ

ಮೊದಲು ಬದಲಿಸಬೇಕಾದುದು ತಂತಿ. ಬೆವರು ಮತ್ತು ತೇವದಿಂದ ತುಕ್ಕು ಹಿಡಿದ ತಂತಿಯಲ್ಲಿ ಮೇಲಿನ ಸ್ವರಾಂಶಗಳು ಅಡಗಿ ಧ್ವನಿ ಮಂಕಾಗುತ್ತದೆ. ಆರಂಭಿಕರ ಗಿಟಾರುಗಳಲ್ಲಿ ಸಾಮಾನ್ಯವಾಗಿ 0.009 ಅಂಗುಲದ ತಂತಿಜೋಡಣೆ ಇರುತ್ತದೆ. 0.010 ಅಂಗುಲದ್ದಕ್ಕೆ ಬದಲಾಯಿಸಿದರೆ ನಾದ ತುಸು ತುಂಬಿಕೊಳ್ಳುತ್ತದೆ; ಆದರೆ ಅದೇ ಶ್ರುತಿಗೆ ಎಳೆತ ಹೆಚ್ಚುವುದರಿಂದ ದಂಡಿಯನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಒಂದು ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲೂ ದಂಡಿ ಒಡಲನ್ನು ಸೇರುವಲ್ಲಿಯೂ ಒತ್ತಿ ಹಿಡಿದಾಗ ಏಳು ಅಥವಾ ಎಂಟನೆಯ ಫ್ರೆಟ್ಟಿನ ಮೇಲೆ ಸುಮಾರು 0.25 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸಂದು ಉಳಿಯಬೇಕು. ಸಂದು ಹೆಚ್ಚಿದ್ದರೆ ಸರಳನ್ನು ಬಿಗಿಗೊಳಿಸಬೇಕು, ಇಲ್ಲವೇ ಇಲ್ಲವೆಂದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಲ ಹಾಕಿ ತಿರುಗಿಸಿ ಸರಳು ಮುರಿದರೆ ಅಗ್ಗದ ಗಿಟಾರಿನ ಬೆಲೆಗಿಂತ ರಿಪೇರಿಯೇ ದುಬಾರಿಯಾಗುತ್ತದೆ.

ಬಳಿಕ ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರವನ್ನು 1.5ರಿಂದ 2 ಮಿ.ಮೀ. ನಡುವೆ ಇರಿಸಲಾಗುತ್ತದೆ. ಇನ್ನೂ ತಗ್ಗಿಸಿದರೆ ಬೆರಳಿಗೆ ಸುಲಭವೇನೋ ಹೌದು, ತಂತಿ ಮಾತ್ರ ಫ್ರೆಟ್ಟಿಗೆ ತಾಗಿ ಕಿರಗುಡುತ್ತದೆ. ಕೊನೆಯದು ಸ್ಥಾನಶುದ್ಧಿ: ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರ ಅದೇ ಜಾಗದಲ್ಲಿ ಬೆರಳು ಸೋಕಿಸಿ ಪಡೆದ ಹಾರ್ಮೋನಿಕ್‌ಗಿಂತ ಏರಿದ್ದರೆ ಕುದುರೆಯ ತುಂಡನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. 'ಗಿಟಾರು ಅಪಸ್ವರ ನುಡಿಯುತ್ತದೆ' ಎಂದು ಕಲಿಕೆಯನ್ನೇ ಬಿಟ್ಟವರ ವಾದ್ಯಗಳಲ್ಲಿ ಬಹುಪಾಲು ಇದೊಂದೇ ಕೊರತೆ ಇರುತ್ತದೆ. ಬಿರಡೆ ತಿರುಗಿಸುವಾಗ ತಂತಿ ಟಕ್ಕೆಂದು ಜಿಗಿದರೆ ನಟ್ಟಿನ ಗಾಡಿಗೆ ಪೆನ್ಸಿಲಿನ ಸೀಸವನ್ನು ತಿಕ್ಕಿದರೆ ಸಾಕು.

ಪಿಕಪ್ ಮತ್ತು ಕೇಬಲ್

ಪಿಕಪ್ ಬದಲಿಸುವ ಮುನ್ನ ಅದರ ಎತ್ತರವನ್ನು ತಿದ್ದಿ ನೋಡಬೇಕು. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿದಾಗ ಎರಡು-ಮೂರು ಮಿ.ಮೀ. ಅಂತರವಿರುವುದು ಆರಂಭಕ್ಕೆ ಯೋಗ್ಯ. ತೀರ ಹತ್ತಿರವಾದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಸ್ವರ ಅಲುಗಾಡುತ್ತದೆ.

ಕೇಬಲಿನ ಪ್ರಭಾವವನ್ನು ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಬಲು ಪ್ರತಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಕತೆ ಹೊಂದಿರುತ್ತದೆ. 2.5 ಹೆನ್ರಿಯ, ತನ್ನದೇ 100 ಪಿಕೊಫ್ಯಾರಡ್ ಇರುವ ಪಿಕಪ್ಪಿಗೆ 3 ಮೀಟರ್ ಕೇಬಲ್ ಸೇರಿಸಿದರೆ ಅನುರಣನೆ 5,000 ಹರ್ಟ್ಸ್ ಸಮೀಪ ಬರುತ್ತದೆ. 6 ಮೀಟರಾದರೆ ಸುಮಾರು 3,800ಕ್ಕೆ ಇಳಿಯುತ್ತದೆ. ಮನೆಯ ಅಭ್ಯಾಸಕ್ಕೆ ಮೋಟು ಕೇಬಲೇ ಲೇಸು. ಗಿಟಾರನ್ನು ಸಂಗೀತ ವ್ಯವಸ್ಥೆಯ ಸಾಧಾರಣ ಲೈನ್ ಒಳಸೇರಿಕೆಗೆ ಜೋಡಿಸಿದಾಗ ಧ್ವನಿ ಸೊರಗುವುದೂ ಇಂಥದೇ ಕಾರಣದಿಂದ: ಗಿಟಾರಿಗೆ ಸುಮಾರು 1 ಮೆಗಾಓಮ್ ಪ್ರತಿಬಾಧೆಯ ಒಳಸೇರಿಕೆ ಬೇಕು.

ಆಂಪ್ಲಿಫೈಯರ್

ಹತ್ತು ವ್ಯಾಟ್‌ನ ಸಣ್ಣ ಆಂಪ್ಲಿಫೈಯರನ್ನು ನೆಲದ ಮೇಲೆ, ಗೋಡೆಯ ಮೂಲೆಯಲ್ಲಿಟ್ಟರೆ ಮಂದ್ರ ಸ್ವರಗಳು ಗುಮ್ಮೆನ್ನುತ್ತವೆ. ಕುರ್ಚಿಯ ಮೇಲಿಟ್ಟು ಕಿವಿಯತ್ತ ತಿರುಗಿಸಿದರೆ ನಿಜವಾದ ಧ್ವನಿ ಕೇಳುತ್ತದೆ. ಗೇನ್ ಗುಂಡಿಯನ್ನು ಪೂರ್ತಿ ಏರಿಸುವುದು ಆರಂಭಿಕರ ಸಾಮಾನ್ಯ ಅಭ್ಯಾಸ. ಅರ್ಧಕ್ಕಿಳಿಸಿದರೆ ಸ್ವರಗಳು ಬಿಡಿಬಿಡಿಯಾಗಿ ತಿಳಿಯುತ್ತವೆ.

ಗುಂಯ್‌ಗುಡುವಿಕೆ ಮತ್ತು ಸುರಕ್ಷತೆ

ಒಂಟಿ ಸುರುಳಿಯ ಪಿಕಪ್ಪುಗಳು ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಕಾರವನ್ನೂ ಹೀರಿಕೊಳ್ಳುತ್ತವೆ. ಇದನ್ನು ನಿವಾರಿಸಲೆಂದೇ ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಜೋಡಿ ಸುರುಳಿಯ ಹಂಬಕರ್ ರೂಪಿಸಿದರು. ಒಳಗುಳಿಯ ಸುತ್ತ ತಾಮ್ರದ ಹಾಳೆ ಅಂಟಿಸಿ ಅದನ್ನು ಭೂತಂತಿಗೆ ಬೆಸೆಯುವುದು, ಟ್ಯೂಬ್‌ಲೈಟು ಮತ್ತು ಚಾರ್ಜರುಗಳಿಂದ ದೂರ ಕೂರುವುದು ಅಗ್ಗದ ಪರಿಹಾರಗಳು.

ಗುಂಯ್‌ಕಾರ ತಗ್ಗುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಭೂಪಿನ್ನನ್ನು ಕಿತ್ತುಹಾಕುವುದು, ಎರಡು ಪಿನ್ನಿನ ಅಡಾಪ್ಟರ್ ಬಳಸುವುದು ಪ್ರಾಣಕ್ಕೆ ಅಪಾಯಕರ. ಗಿಟಾರಿನ ತಂತಿಗಳು ಕುದುರೆಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸಂಪರ್ಕ ಹೊಂದಿರುತ್ತವೆ. ಆಂಪ್ಲಿಫೈಯರಿನಲ್ಲಿ ಸೋರಿಕೆಯಾದರೆ ವಾದಕನ ಬೆರಳಿಗೇ ವಿದ್ಯುತ್ ಹರಿಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದರೆ ಅಪಾಯ ಇಮ್ಮಡಿ. ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವಗಳ ತಾತ್ಕಾಲಿಕ ವೇದಿಕೆಗಳಲ್ಲಿ ನುಡಿಸುವ ಮುನ್ನ ಭೂಸಂಪರ್ಕವನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಬೇಕು.

ಮರ ಮತ್ತು ಮಳೆಗಾಲ

ಅಂಬೇವಾಡಿ, ದಾಂಡೇಲಿ, ಜೊಯಿಡಾದಂತಹ ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೇಸಿಗೆಯಲ್ಲಿ ಅದೇ ಗಾಳಿ ಒಣಗುತ್ತದೆ. ಮರ ಹಿಗ್ಗಿ ಕುಗ್ಗುವುದರಿಂದ ದಂಡಿಯ ಬಾಗು ವರ್ಷಕ್ಕೆರಡು ಬಾರಿಯಾದರೂ ಬದಲಾಗುತ್ತದೆ. ಫ್ರೆಟ್ಟುಗಳ ಹಲಗೆಗೆ ಬಳಸುವ ಬೀಟೆ ಪಶ್ಚಿಮ ಘಟ್ಟದ ಕಾಡುಗಳಿಗೆ ಪರಿಚಿತ ಮರವೇ. ಬೀಟೆಯ ಕುಲದ ಬಹುತೇಕ ಮರಗಳು 2017ರ ಜನವರಿಯಿಂದ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಈ ನಡುವೆ ಹಲವು ತಯಾರಕರು ಬೇರೆ ಮರಗಳಿಗೆ ಹೊರಳಿದರು. ಘನ ಒಡಲಿನ ವಿದ್ಯುತ್ ಗಿಟಾರಿನಲ್ಲಿ ಹಲಗೆಯ ಜಾತಿಗಿಂತ ಅದರ ಮೇಲಿನ ಫ್ರೆಟ್ಟುಗಳ ಸಮತಟ್ಟೇ ನಾದಕ್ಕೆ ಮುಖ್ಯವಾದುದರಿಂದ ಕೊಳ್ಳುವವರು ಮರದ ಹೆಸರಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ವಾದ್ಯವನ್ನು ಗೋಡೆಗೆ ತೂಗುಹಾಕದೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಟ್ಟು, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿಡಲಾಗುತ್ತದೆ.